ಹಸು ತಿರುಗಿ ತಿರುಗಿ ನೋಡುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ, ಮಗು. ಬೆಟ್ಟಗಳು ಆಗತಾನೇ ತಮ್ಮ ಜಾಗ ಹಿಡಿದು ಕೂತಿದ್ದವು. ಆಗ ಹಸುವಿನ ಕೆಚ್ಚಲು ಹುಲ್ಲಿಗೆ ತಾಗುವಷ್ಟು ಜೋಲುತ್ತಿತ್ತು. ಒಂದೊಂದು ಮೊಲೆಯೂ ಸೋರೆಕಾಯಿಯಷ್ಟು ದಪ್ಪ.

ಅದು ಮನುಷ್ಯರದೇ ಕಿತಾಪತಿ. ಆ ಹುಲ್ಲುಗಾವಲಿನ ಜನ ಹಾಲು ಕರೆಯುತ್ತಿರಲಿಲ್ಲ, ಹಾಲೆಲ್ಲ ಕರುವಿಗೇ. ಆದರೂ ಕೆಚ್ಚಲು ದೊಡ್ಡದಿದ್ದಷ್ಟೂ ಮನೆತನ ದೊಡ್ಡದು ಎಂಬ ಜಂಬ! ಎಲ್ಲಕ್ಕಿಂತ ದೊಡ್ಡ ಕೆಚ್ಚಲಿನ ಹಸುವಿನ ಗಂಡುಗರುವನ್ನೇ ಬೀಜದ ಹೋರಿಯಾಗಿ ಉಳಿಸಿಕೊಳ್ಳುತ್ತಿದ್ದರು. ನೂಲಿನಂತೆ ಸೀರೆ ಅಲ್ಲವೆ? ಆ ಹೋರಿಗೆ ಹುಟ್ಟಿದ ಹೆಣ್ಣುಗಳ ಕೆಚ್ಚಲು ಇನ್ನೂ ಕೆಳಕ್ಕಿಳಿಯಿತು.

ಅಲ್ಲಿ ಬೊಮ್ಮವ್ವ ಎಂಬ ಒಂಟಿ ಹೆಂಗಸು ದನ ಸಾಕಿಕೊಂಡಿದ್ದಳು. ಕೌಲಿ ಎಂಬ ಹಸುವೆಂದರೆ ಅವಳಿಗೆ ಜೀವ. ಒಂದು ದಿನ ಕೌಲಿ ಕರು ಹಾಕಿತು.

ಕರು ತಡವರಿಸುತ್ತ ಎದ್ದಿತು. ಮುಖ ಮೇಲೆತ್ತಿ ತಾಯಿಯ ಎದೆಯಲ್ಲಿ ಹುಡುಕಿತು, ಪಕ್ಕೆಯಲ್ಲಿ ಹುಡುಕಿತು. ಆಗಿನ ಹಸುಗಳಿಗೆ ತಿರುಗಿ ನೋಡುವ ರೂಢಿಯಿರಲಿಲ್ಲ; ಕೌಲಿ ಮುಂದೆ ನೋಡಿಕೊಂಡೇ ಗಾಳಿಯನ್ನು ಕೇಳಿತು:

“ಗಾಳಿಯಣ್ಣಾ, ನನ್ನ ಕರ ಹಾಲು ಕುಡೀತೈತಾ?”

“ಇಲ್ಲ ತಾಯಿ,” ಎಂದಿತು ಗಾಳಿ. “ಅದು ಮೇಲೆ ಹುಡುಕ್ತೈತೆ. ನಿನ್ನ ಮೊಲೆ ಕೆಳಗೈತೆ.”

ಬೊಮ್ಮವ್ವ ಕರುವಿನ ತಲೆ ಬಗ್ಗಿಸಿದಳು. ಮೊಲೆ ಅದರ ಪುಟ್ಟ ಬಾಯಿಗೆ ಹಿಡಿಸಲಿಲ್ಲ. ಬೊಗಸೆಯಲ್ಲಿ ಹಾಲು ಹಿಡಿದು ಕುಡಿಸಿದಳು. ಬೊಗಸೆಯ ಹಾಲು ಎಲ್ಲಿಗೆ ಸಾಕು? ಕರು ಸೋತು ಮಲಗಿತು. ಮತ್ತೆ ಏಳಲಿಲ್ಲ.

“ಅವ್ವಾ, ಹಾಲು ಐತೆ, ಕುಡಿಯೋರಿಲ್ಲ,” ಎಂದಿತು ಕೌಲಿ. “ನನ್ನಪ್ಪನ್ನ ಹೋರಿ ಅಂತ ಆರಿಸಿದೋಳು ನೀನೇ ಅಲ್ವಾ?”

ಬೊಮ್ಮವ್ವ ಕೌಲಿಯ ಕೊರಳು ತಬ್ಬಿ ಅತ್ತಳು.

ಅವಳ ಮಂದೆಯಲ್ಲಿ ಗಿಡ್ಡಿ ಎಂಬ ಇನ್ನೊಂದು ಹಸುವಿತ್ತು. ತೊಡೆಯ ಸಂದಿಯಲ್ಲಿ ಮುಷ್ಟಿಯಷ್ಟು ಕೆಚ್ಚಲು. ಊರೆಲ್ಲ ನಗುತ್ತಿತ್ತು. ಕೆಲವು ದಿನಗಳ ಮೇಲೆ ಅದೂ ಕರು ಹಾಕಿತು; ಅದರ ಗಂಡುಗರು ಮಾತ್ರ ಹೊಟ್ಟೆ ತುಂಬ ಕುಡಿದು ಕುಣಿಯುತ್ತಿತ್ತು.

“ಇನ್ನು ಇದೇ ನನ್ನ ಹೋರಿ,” ಎಂದಳು ಬೊಮ್ಮವ್ವ.

“ತಲೆ ಕೆಟ್ಟೈತೇನೇ ನಿಂಗೆ? ನಮ್ಮ ತಳೀನೂ ಕೆಡಿಸ್ತೀಯಾ!” ಎಂದು ಜನ ಬೈದು, ತಮ್ಮ ದನಗಳನ್ನು ಹೊಡೆದುಕೊಂಡು ದೂರ ಹೋಗಿಬಿಟ್ಟರು. ಅಷ್ಟು ದೊಡ್ಡ ಬಯಲಿನಲ್ಲಿ ಬೊಮ್ಮವ್ವನನ್ನು ಮಾತಾಡಿಸುವವರೇ ಇಲ್ಲವಾಯಿತು.

ಗಿಡ್ಡಿಯ ಮಗ ಬೆಳೆದು ಹೋರಿಯಾದ. ಕೌಲಿ ಅವನಿಂದ ಒಂದು ಹೆಣ್ಣುಗರು ಹೆತ್ತಿತು. ಅದಕ್ಕೂ ತಾಯಿಯ ಮೊಲೆ ಸಿಗಲಿಲ್ಲ. ಬೊಮ್ಮವ್ವ ಅದನ್ನು ಮತ್ತೆ ಕರು ಹಾಕಿದ್ದ ಗಿಡ್ಡಿಯ ಕೆಚ್ಚಲಿಗೆ ಬಿಟ್ಟಳು. ಕೌಲಿ ದೂರದಲ್ಲಿ ನಿಂತು ನೋಡುತ್ತಿತ್ತು. ಒಂದೇ ಒಂದು ಕರುವಿಗೂ ಹಾಲುಣಿಸದೆ ಆ ಹಸು ಸತ್ತಿತು.

ಕೌಲಿಯ ಮಗಳು ದೊಡ್ಡದಾಯಿತು. ಅದರ ಕೆಚ್ಚಲು ಹೊಟ್ಟೆಗೆ ಅಂಟಿಕೊಂಡಂತೆ ಮೇಲಿತ್ತು, ಮೊಲೆ ಹೆಬ್ಬೆರಳಿನಷ್ಟು. ಅದೂ ಕರು ಹಾಕಿತು. ಕರು ಎದ್ದು ಹುಡುಕತೊಡಗಿದಾಗ ತಾಯಿಗೆ ಭಯ ತಡೆಯಲಾಗಲಿಲ್ಲ. ಕತ್ತು ತಿರುಗಿಸಿ ನೋಡಿತು. ಮತ್ತೆ ನೋಡಿತು. ಮೊಲೆ ಕರುವಿನ ಬಾಯಿಗೆ ಸಿಕ್ಕಿತು.

“ಕುಡೀತೈತೆ! ಕುಡೀತೈತೆ ಕಣೇ ಕೌಲಿ!” ಎಂದು ಬೊಮ್ಮವ್ವ ಕೂಗಿದಳು. ಕೇಳಲು ಕೌಲಿ ಎಲ್ಲಿದೆ? ಗಾಳಿಯೊಂದೇ ಕೇಳಿಸಿಕೊಂಡಿತು.

ಆಮೇಲೆ ಲೋಕ ತುಂಬಿದ್ದು ಕೌಲಿಯ ಮಗಳ ಸಂತಾನವೇ. ಅದಕ್ಕೇ ಮಗು, ಇವತ್ತಿಗೂ ಹಸು, ಕರು ಬಾಯಿ ಹಾಕಿ ಬಾಲ ಆಡಿಸುವ ತನಕ, ತಿರುಗಿ ತಿರುಗಿ ನೋಡುತ್ತಲೇ ಇರುತ್ತದೆ.