ಮೂರು ಮೂಲೆಯ ಅಗ್ಗಿಷ್ಟಿಕೆ

ಜಪಾನಿನ ಉತ್ತರ ಭಾಗದಲ್ಲಿ, ವರ್ಷದಲ್ಲಿ ಐದು ತಿಂಗಳು ಹಿಮ ಮುಚ್ಚಿಕೊಂಡಿರುವ ಒಂದು ಬೆಟ್ಟದ ಕಾಡಿನಲ್ಲಿ ತೊಕುಜಿ ಎಂಬ ನೀರುನಾಯಿ ವಾಸವಾಗಿತ್ತು. ಹೊಳೆದಂಡೆಯ ಜೇಡಿಮಣ್ಣಿನಿಂದ ಅಗ್ಗಿಷ್ಟಿಕೆ ಮಾಡುವುದು ಅದರ ಕಸುಬು. ಮಣ್ಣು ಹದಮಾಡಿ, ಒಣಗಿಸಿ, ಸುಟ್ಟು ಮುಗಿಸಲು ಒಂದೊಂದಕ್ಕೂ ತಿಂಗಳು ಹಿಡಿಯುತ್ತಿತ್ತು. ಆದರೆ ತೊಕುಜಿಯ ಅಗ್ಗಿಷ್ಟಿಕೆ ಹತ್ತು ಚಳಿಗಾಲ ಬಾಳುತ್ತಿತ್ತು. ಅದಕ್ಕೆ ಬೇಕಾದ ಇದ್ದಿಲನ್ನು ಪ್ರಾಣಿಗಳು ತಾವೇ ಮಾಡಿಕೊಳ್ಳುತ್ತಿದ್ದವು. ಅಕ್ರೋಟಿನ ಚಿಪ್ಪು, ಒಣಕಡ್ಡಿ ಸುಟ್ಟು, ಪುಡಿಮಾಡಿ, ಮಣ್ಣಿನಲ್ಲಿ ಕಲಸಿ ದುಂಡನೆಯ ಬಿಲ್ಲೆ ತಟ್ಟಿ ಇಟ್ಟುಕೊಳ್ಳುತ್ತಿದ್ದವು.

ಒಂದು ವರ್ಷ ಎಲೆ ಕೆಂಪಾಗುವ ಹೊತ್ತಿಗೆ ಬೆಟ್ಟದಾಚೆಯಿಂದ ಗೆಂಪಾಚಿ ಎಂಬ ನರಿ ಬಂತು. ಅದು ತಂದ ಅಗ್ಗಿಷ್ಟಿಕೆಗಳು ತೆಳ್ಳಗೆ, ಹಗುರವಾಗಿ, ಕನ್ನಡಿಯಂತೆ ಹೊಳೆಯುತ್ತಿದ್ದವು.

"ನಿಮ್ಮ ಹಳೆಯದನ್ನು ಕೊಡಿ, ಹೊಸದನ್ನು ಒಯ್ಯಿರಿ" ಎಂದಿತು ನರಿ. "ಮೇಲೆ ಒಂದು ಹಿಡಿ ಅಕ್ರೋಟು ಕೊಟ್ಟರೆ ಸಾಕು. ಇದ್ದಿಲು ತಟ್ಟಿ ಕೈ ಕಪ್ಪು ಮಾಡಿಕೊಳ್ಳುವ ಗೋಜೂ ಇಲ್ಲ. ಅದನ್ನೂ ನಾನೇ ಕೊಡುತ್ತೇನೆ."

ಹೊಸ ಅಗ್ಗಿಷ್ಟಿಕೆಯ ಒಳಗೂಡು ಮೂರು ಮೂಲೆಯದು. ನರಿಯ ಇದ್ದಿಲೂ ಮೂರು ಮೂಲೆಯದು. ದುಂಡು ಬಿಲ್ಲೆ ಹಾಕಿದರೆ ಗಾಳಿ ಕಟ್ಟಿ ಬರೀ ಹೊಗೆ. ಇದನ್ನು ಯಾರೂ ದೊಡ್ಡದಾಗಿ ತೆಗೆದುಕೊಳ್ಳಲಿಲ್ಲ. ನರಿಯ ಇದ್ದಿಲು ಅಷ್ಟು ಅಗ್ಗವಾಗಿತ್ತು. ಹದಿನೈದು ದಿನದೊಳಗೆ ಇಡೀ ಕಾಡು ಹಳೆಯದನ್ನು ಕೊಟ್ಟು ಹೊಸದನ್ನು ಒಯ್ದಿತು. ಕೈಗೆ ಬಂದ ಹಳೆಯ ಅಗ್ಗಿಷ್ಟಿಕೆಗಳನ್ನೆಲ್ಲ ನರಿ ಕಮರಿಗೆ ಉರುಳಿಸಿ ಒಡೆದುಹಾಕಿತು.

ಕಮರಿಯಿಂದ ಬಂದ ಆ ಸದ್ದು ತೊಕುಜಿಗೆ ಹೊಳೆಯ ತನಕ ಕೇಳಿಸಿತು. ಅಂದಿನಿಂದ ಅದರ ಬಾಗಿಲಿಗೆ ಯಾರೂ ಬರಲಿಲ್ಲ. ಆ ವರ್ಷ ಮಾಡಿಟ್ಟಿದ್ದ ಆರು ಅಗ್ಗಿಷ್ಟಿಕೆಗಳ ಮೇಲೆ ಧೂಳು ಕೂತಿತು.

"ನಾವೂ ತೆಳ್ಳಗೆ ಮಾಡಿದರಾಗದೇ?" ಎಂದು ಹೆಂಡತಿ ಫುಮಿ ಕೇಳಿತು.

"ತೆಳ್ಳಗಿದ್ದರೆ ಮೂರನೇ ವರ್ಷಕ್ಕೆ ಬಿರುಕು ಬಿಡುತ್ತದೆ. ಗೊತ್ತಿದ್ದೂ ಹೇಗೆ ಮಾಡಲಿ?" ಎಂದಿತು ತೊಕುಜಿ. ಹೇಳಿತೇನೋ ನಿಜ, ಆದರೆ ಊಟದ ಹೊತ್ತಿಗೆ ತನ್ನ ಪಾಲಿನ ಮೀನನ್ನು ಸದ್ದಿಲ್ಲದೆ ಫುಮಿಯ ಕಡೆ ಸರಿಸಿತು.

ಹಿಮ ಬಿತ್ತು. ದಾರಿಗಳೆಲ್ಲ ಮುಚ್ಚಿದವು. ಮರುದಿನವೇ ನರಿ ತನ್ನ ಇದ್ದಿಲಿನ ಬೆಲೆ ಏರಿಸಿತು. ಹಿಂದೆ ಒಂದು ಅಕ್ರೋಟಿಗೆ ನಾಲ್ಕು ಬಿಲ್ಲೆ ಸಿಗುತ್ತಿತ್ತು. ಈಗ ಒಂದು ಬಿಲ್ಲೆಗೆ ಒಂದು ಬುಟ್ಟಿ ಅಕ್ರೋಟು. ಪ್ರಾಣಿಗಳು ಚಳಿಗಾಲಕ್ಕೆಂದು ಕೂಡಿಟ್ಟದ್ದನ್ನೆಲ್ಲ ಹೊತ್ತು ತಂದು ನರಿಯ ಗುಹೆಗೆ ಸುರಿದವು. ಬೆಚ್ಚಗಿರಬೇಕೆಂದರೆ ಹಸಿದಿರಬೇಕು, ಹೊಟ್ಟೆ ತುಂಬಬೇಕೆಂದರೆ ನಡುಗಬೇಕು ಎನ್ನುವಂತಾಯಿತು.

ಒಂದು ಬೆಳಿಗ್ಗೆ ನರಿಯೇ ತೊಕುಜಿಯ ಮನೆಗೆ ಬಂದು ಬೆಂಕಿಯ ಪಕ್ಕ ಕೂತಿತು.

"ತೊಕುಜಿಯವರೇ, ನಿಮ್ಮ ಕೈಗುಣ ದೊಡ್ಡದು. ಇನ್ನು ಮೇಲೆ ನೀವೂ ಮೂರು ಮೂಲೆಯದನ್ನೇ ಮಾಡಿ. ಹೊಳೆಯ ಈಚೆ ದಡ ನಿಮಗೆ, ಆಚೆ ದಡ ನನಗೆ. ಇದ್ದಿಲಿಗೆ ಇಬ್ಬರೂ ಒಂದೇ ಬೆಲೆ ಹೇಳೋಣ. ಆಮೇಲೆ ಈ ಕಾಡಿನಲ್ಲಿ ನಮ್ಮನ್ನು ಕೇಳುವವರು ಯಾರು?"

ಮನೆಯಲ್ಲಿ ಎರಡು ದಿನಕ್ಕಾಗುವಷ್ಟು ಮೀನು ಮಾತ್ರ ಉಳಿದಿತ್ತು. ಒಪ್ಪಿಕೊಂಡುಬಿಡಲೇ ಎಂದು ತೊಕುಜಿಗೆ ಅನಿಸಿದ್ದು ಸುಳ್ಳಲ್ಲ.

"ನಾಳೆ ಹೇಳುತ್ತೇನೆ" ಎಂದಿತು.

ನರಿ ಹೋದ ಸ್ವಲ್ಪ ಹೊತ್ತಿಗೆ ಇನೆ ಎಂಬ ಮೊಲ ಬಂತು. ಅದರ ಮೀಸೆಯಲ್ಲಿ ಹಿಮ ಗಟ್ಟಿಯಾಗಿತ್ತು.

"ತೊಕುಜಣ್ಣ, ನಿನ್ನ ಮುಂದೆ ನಿಲ್ಲಲು ನನಗೆ ಮುಖವಿಲ್ಲ" ಎಂದಿತು ಇನೆ. "ನಿನ್ನ ಅಗ್ಗಿಷ್ಟಿಕೆಯನ್ನು ನರಿಗೆ ಕೊಟ್ಟವಳು ನಾನೇ. ಮನೆಯಲ್ಲಿ ಕಾಳು ಮುಗಿಯಿತು, ಇದ್ದಿಲೂ ಮುಗಿಯಿತು. ಮರಿಗಳ ಕಾಲು ತಣ್ಣಗಾಗುತ್ತಿದೆ. ದುಂಡು ಬಿಲ್ಲೆಗಳು ರಾಶಿ ಬಿದ್ದಿವೆ, ಆದರೆ ಯಾವುದರಲ್ಲಿ ಹಾಕಲಿ?"

"ತಂಗೀ, ಮೊದಲು ಇದನ್ನು ಒಯ್ಯು" ಎಂದು ತೊಕುಜಿ ಧೂಳು ಕೂತಿದ್ದ ಒಂದನ್ನು ಎತ್ತಿ ಕೊಡಹೋಯಿತು. ಆದರೆ ಕೈ ಅಲ್ಲೇ ನಿಂತಿತು. ಇದ್ದದ್ದು ಆರು. ಕಾಡಿನಲ್ಲಿದ್ದ ಮನೆಗಳು ಎಂಬತ್ತು. ಈ ಚಳಿಯಲ್ಲಿ ಹೊಸ ಅಗ್ಗಿಷ್ಟಿಕೆ ಮಾಡಿದರೆ ಮಣ್ಣು ಒಣಗುವುದಕ್ಕೇ ಎರಡು ತಿಂಗಳು ಬೇಕು.

"ಇನೆ, ಇದನ್ನು ಒಯ್ದು ಮರಿಗಳಿಗೆ ಬೆಂಕಿ ಹಾಕು. ಬದಲಿಗೆ ನಿನ್ನ ಮೂರು ಮೂಲೆಯದನ್ನು ಇಲ್ಲಿಗೆ ತಂದುಕೊಡು. ನೋಡುತ್ತೇನೆ."

ಇನೆ ತಂದುಕೊಟ್ಟಿತು. ತೊಕುಜಿ ಅದರ ಒಳಗೂಡನ್ನು ಬೆರಳಿಂದ ಸವರಿ, ಹುಲ್ಲುಕಡ್ಡಿಯಿಂದ ಅಳೆಯಿತು. ಆಮೇಲೆ ಒಂದು ಮುಷ್ಟಿ ಮಣ್ಣು ತೆಗೆದುಕೊಂಡು ಪುಟ್ಟ ತಟ್ಟೆಯೊಂದನ್ನು ಮಾಡಿತು. ಹೊರ ಅಂಚು ಮೂರು ಮೂಲೆ, ಗೂಡಿಗೆ ಸರಿಯಾಗಿ ಕೂರುವಂತೆ. ನಡುವೆ ದುಂಡನೆಯ ಕುಳಿ, ಬಿಲ್ಲೆ ಕೂರುವಂತೆ. ಗಾಳಿಯಾಡಲು ಸುತ್ತ ತೂತು. ಅಷ್ಟು ಚಿಕ್ಕದಾದ್ದರಿಂದ ಬೆಂಕಿಯ ಪಕ್ಕದಲ್ಲಿ ಒಂದೇ ದಿನಕ್ಕೆ ಒಣಗಿತು.

ಫುಮಿ ಅದನ್ನು ತಿರುಗಿಸಿ ತಿರುಗಿಸಿ ನೋಡಿತು. "ಇದರ ಗುಟ್ಟು ನಮ್ಮಲ್ಲೇ ಇರಲಿ. ಒಂದೊಂದಕ್ಕೆ ಎರಡೆರಡು ಬುಟ್ಟಿ ಕೇಳಿದರೂ ಕೊಡುತ್ತಾರೆ."

"ಕೊಡುತ್ತಾರೆ. ಆದರೆ ಎಂಬತ್ತು ತಟ್ಟೆ ನಾನೊಬ್ಬನೇ ಮಾಡಿ ಮುಗಿಸುವಷ್ಟರಲ್ಲಿ ಎಷ್ಟು ಮರಿಗಳು ಉಳಿದಿರುತ್ತವೆ?" ಎಂದಿತು ತೊಕುಜಿ.

ಫುಮಿ ಎದ್ದು ಮಣ್ಣು ಕಲಸತೊಡಗಿತು.

ಮರುದಿನ ಮಧ್ಯಾಹ್ನ ತೊಕುಜಿ ಎಲ್ಲರನ್ನೂ ದೇವದಾರು ಮರಗಳ ಬಯಲಿಗೆ ಕರೆಯಿತು. ನಡುವೆ ಇನೆಯ ಅಗ್ಗಿಷ್ಟಿಕೆ ಇಟ್ಟು, ಅದರೊಳಗೆ ತಟ್ಟೆ ಕೂರಿಸಿತು. ಸುದ್ದಿ ತಿಳಿದು ನರಿಯೂ ಓಡಿಬಂತು.

"ಹತ್ತಿರ ಹೋಗಬೇಡಿ" ಎಂದು ನರಿ ಎಲ್ಲರಿಗೂ ಹೇಳಿತು. "ನನ್ನ ಅಗ್ಗಿಷ್ಟಿಕೆಗೆ ಬೇರೆ ಇದ್ದಿಲು ಹಾಕಿದರೆ ಸಿಡಿದು ಚೂರಾಗುತ್ತದೆ. ಕಣ್ಣು ಹೋದರೆ ಹೊಣೆ ಯಾರು?"

ಗುಂಪು ಹಿಂದೆ ಸರಿಯಿತು. ತೊಕುಜಿಗೂ ಖಚಿತವಿರಲಿಲ್ಲ. ಮಣ್ಣಿನ ವಿಷಯ ಅದಕ್ಕೆ ಗೊತ್ತು, ಆದರೆ ಆ ಹೊಳಪಿನ ಕೆಳಗೆ ನರಿ ಏನು ಬೆರೆಸಿದೆಯೋ ಯಾರಿಗೆ ಗೊತ್ತು.

"ಹಾಗಾದರೆ ಪಕ್ಕದಲ್ಲಿ ನಾನೇ ಕೂರುತ್ತೇನೆ" ಎಂದು ಕೂತುಬಿಟ್ಟಿತು.

ದುಂಡು ಬಿಲ್ಲೆಗೆ ಕಿಡಿ ತಾಗಿಸಿತು. ಮೊದಲು ಹೊಗೆ ಬಂತು. ಏನೋ ಟಿಕ್ ಎಂದಿತು. ಇನೆ ಕಣ್ಣು ಮುಚ್ಚಿಕೊಂಡಿತು. ತೊಕುಜಿ ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಹೊಗೆ ತಿಳಿಯಾಯಿತು. ಬಿಲ್ಲೆ ಅಂಚಿನಿಂದ ಒಳಕ್ಕೆ ನಿಧಾನವಾಗಿ ಕೆಂಪಾಯಿತು. ಅಗ್ಗಿಷ್ಟಿಕೆ ಹಾಗೇ ಇತ್ತು. ತೊಕುಜಿ ಎರಡೂ ಕೈಗಳನ್ನು ಚಾಚಿ ಕಾಯಿಸಿಕೊಂಡಿತು.

"ಬನ್ನಿ, ಏನೂ ಆಗಿಲ್ಲ" ಎಂದಿತು.

ಮೊದಲು ಬಂದದ್ದು ಮುದಿ ಕಾಡುಹಂದಿ. ಅದು ಬೆಂಕಿಯ ಮುಂದೆ ಕೂತು, ಉಸಿರು ಬಿಟ್ಟು, "ಈ ತಟ್ಟೆಗೆ ಏನು ಕೊಡಬೇಕಪ್ಪ?" ಎಂದು ಕೇಳಿತು.

"ಏನೂ ಬೇಡ. ಅಳತೆಯ ಕಡ್ಡಿ ಇಲ್ಲಿದೆ, ಮಣ್ಣು ಹೊಳೆಯಲ್ಲಿದೆ. ಹೇಗೆ ಮಾಡುವುದೆಂದು ತೋರಿಸುತ್ತೇನೆ. ಕಲಿತವರು ಇನ್ನೊಬ್ಬರಿಗೆ ಕಲಿಸಿ."

ಕತ್ತಲಾಗುವ ಮೊದಲೇ ನಲವತ್ತು ತಟ್ಟೆ ಒಣಗಲು ಸಾಲಾಗಿ ಕೂತವು. ಮೂರು ದಿನದಲ್ಲಿ ಎಲ್ಲ ಮನೆಗಳಲ್ಲೂ ದುಂಡು ಬಿಲ್ಲೆ ಉರಿಯಿತು. ಅಳಿಲುಗಳಂತೂ ತೂತುಗಳನ್ನು ಓರೆಯಾಗಿ ಕೊರೆದು, ತೊಕುಜಿಯದಕ್ಕಿಂತ ಚೆನ್ನಾಗಿ ಉರಿಯುವ ತಟ್ಟೆ ಮಾಡಿದವು. ಅದನ್ನು ನೋಡಿ ತೊಕುಜಿ ತನ್ನದನ್ನೂ ಹಾಗೇ ತಿದ್ದಿಕೊಂಡಿತು.

ನರಿ ಬೆಲೆ ಅರ್ಧಕ್ಕೆ ಇಳಿಸಿತು. ಆಮೇಲೆ ಕಾಲುಭಾಗಕ್ಕೆ ಇಳಿಸಿತು. ಯಾರೂ ಹೋಗಲಿಲ್ಲ. ಮುದಿ ಕಾಡುಹಂದಿ ನಾಲ್ಕು ಜನರನ್ನು ಕರೆದುಕೊಂಡು ಗುಹೆಗೆ ಹೋಗಿ, ಎಲ್ಲರ ಅಕ್ರೋಟನ್ನು ಹೊರಿಸಿಕೊಂಡು ಬಂತು. ನರಿಯ ಬಳಿ ಉಳಿದದ್ದು ಯಾರಿಗೂ ಬೇಡವಾದ ಮೂರು ಮೂಲೆಯ ಇದ್ದಿಲಿನ ಗುಡ್ಡ ಮಾತ್ರ. ಅದನ್ನು ತಿನ್ನಲಾಗುವುದಿಲ್ಲವಲ್ಲ.

ವಾರ ಕಳೆದ ಮೇಲೆ ನರಿ ಬಾಲ ಇಳಿಬಿಟ್ಟುಕೊಂಡು ತೊಕುಜಿಯ ಬಾಗಿಲಿಗೆ ಬಂತು. "ಹಸಿವಾಗುತ್ತಿದೆ" ಎಂದಷ್ಟೇ ಹೇಳಿತು.

"ಆ ಗುಡ್ಡವನ್ನು ಒಡೆದು, ಪುಡಿಮಾಡಿ, ಕಲಸಿ, ದುಂಡಗೆ ತಟ್ಟಿ ತನ್ನಿ" ಎಂದಿತು ತೊಕುಜಿ. "ನ್ಯಾಯದ ಬೆಲೆಗೆ ಎಲ್ಲರೂ ಕೊಳ್ಳುತ್ತಾರೆ. ಅವರಿಗೆ ನಾನು ಹೇಳುತ್ತೇನೆ."

ಆ ಚಳಿಗಾಲವೆಲ್ಲ ನರಿ ಹೊಳೆಯ ತಣ್ಣೀರಿನಲ್ಲಿ ಇದ್ದಿಲು ಕಲಸಿತು. ಅದರ ಕೈ ಮೊಣಕೈತನಕ ಕಪ್ಪಾಯಿತು.

ಒಂದು ಮಧ್ಯಾಹ್ನ ತೊಕುಜಿ ಇನೆಯ ಮನೆಗೆ ಹೋಯಿತು. ಮರಿಗಳು ಬೆಂಕಿಯ ಸುತ್ತ ಕಾಲು ಚಾಚಿ ನಿದ್ದೆ ಹೋಗಿದ್ದವು. ತೊಕುಜಿ ಒಂದು ಮರಿಯ ಪಾದ ಮುಟ್ಟಿ ನೋಡಿತು. ಬೆಚ್ಚಗಿತ್ತು. ಇನೆ ಬಿಸಿನೀರು ತರುವಷ್ಟರಲ್ಲಿ, ತೊಕುಜಿ ಗೋಡೆಗೊರಗಿ ಕೂತಲ್ಲೇ ಗೊರಕೆ ಹೊಡೆಯುತ್ತಿತ್ತು.

ನೀತಿ: ಬೇರೆ ದಾರಿಯಿಲ್ಲದಂತೆ ಮಾಡಿ ಗಿರಾಕಿಯನ್ನು ಕಟ್ಟಿಹಾಕುವ ವ್ಯಾಪಾರ, ದಾರಿ ತೆರೆದ ದಿನವೇ ಮುಳುಗುತ್ತದೆ, ಎಲ್ಲರ ಕಷ್ಟ ಕಳೆಯುವ ಕಸುಬು ಉಳಿಯುತ್ತದೆ.