ಸಣ್ಣೇಗೌಡ ಮೀನು ಸಾಕಿದ್ದು

ಒಂದೂರಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಹೊಂಬಾಳಮ್ಮ, ಮಗ ಸಣ್ಣೇಗೌಡ. ಹೆಸರಿಗೆ ಸಣ್ಣ, ಆಳು ಮಾತ್ರ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಕೈಕಾಲು ಗಟ್ಟಿ, ಮನಸ್ಸು ಬೆಣ್ಣೆ, ಬುದ್ಧಿ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಕಷ್ಟ ಇದ್ದದ್ದೇ ಅಲ್ಲಿ!

ಒಮ್ಮೆ ಹೊಂಬಾಳಮ್ಮ ಸಂತೆಗೆ ಹೊರಟಳು. "ಲೋ ಸಣ್ಣ, ನಾನ್ ಬರೋಗಂಟ ಯಾರ್ನೂ ಒಳಿಕ್ ಬಿಡ್ಬೇಡ," ಅಂದಳು. ಸಂತೆ ಮುಗಿಸಿ ಬಂದರೆ ಮಗ ಬಾಗಿಲಿಗೆ ಅಡ್ಡ ನಿಂತಿದ್ದಾನೆ, ಕೈಯಲ್ಲಿ ದೊಣ್ಣೆ!

"ದಾರಿ ಬಿಡ್ಲಾ!"

"ಆಗಕಿಲ್ಲ ಕಣವ್ವ. ಯಾರ್ನೂ ಬಿಡ್ಬೇಡ ಅಂತ ನಮ್ಮವ್ವ ಹೇಳಿ ಹೋಗವ್ಳೆ."

ಹೊಂಬಾಳಮ್ಮ ತನ್ನ ಮನೆಗೆ ತಾನೇ ಹಿತ್ತಲ ಗೋಡೆ ಹಾರಿ ಬಂದಳು.

ಇಂಥ ಮಗನಿಗೆ ಹೆಣ್ಣು ಕೊಡುವವರು ಯಾರು? "ನಾನು ಕಣ್ಮುಚ್ಚಿದ್ರೆ ಇವನ್ನ ಬೈಯೋರು ಯಾರು ದ್ಯಾವ್ರೆ!" ಅಂತ ಒಲೆ ಮುಂದೆ ಕೂತು ಅಳುತ್ತಿದ್ದಳು. ದಿನಾ ಬೈಯೋಕೊಂದು ಬಾಯಿ ಇದ್ದರೆ ಸಣ್ಣ ಹೇಗೋ ಬದುಕುತ್ತಾನೆ, ಆ ಬಾಯಿ ಇಲ್ಲದಿದ್ದರೆ ಕೆಟ್ಟ. ತಾಯಿಗೆ ಅದು ಚೆನ್ನಾಗಿ ಗೊತ್ತಿತ್ತು.

ಪಕ್ಕದೂರಿನ ಬೆಟ್ಟೇಗೌಡರಿಗೆ ಪ್ರಮೀಳ ಅಂತ ಮಗಳಿದ್ದಳು. ಹೊಂಬಾಳಮ್ಮ ಧೈರ್ಯ ಮಾಡಿ ಹೋಗಿ ಕೇಳಿಯೇಬಿಟ್ಟಳು. ಬೆಟ್ಟೇಗೌಡರು ಉದ್ದ ಮೀಸೆ ನೀವಿಕೊಂಡರು.

"ನಿನ್ ಮಗ ಒಳ್ಳೇನೇ ಕಣಮ್ಮ. ಆದ್ರೆ ಅವನ ಕೈಲಿ ಒಂದು ಜೀವ ಉಳಕತದಾ? ಮೊದ್ಲು ಯಾವ್ದಾರ ಜೀವ ಸಾಕಿ ತೋರಿಸ್ಲಿ. ಯುಗಾದಿಗೆ ಬತ್ತೀನಿ. ಸಾಕಿದ ಜೀವ ನೆಟ್ಟಗಿದ್ರೆ ಹೆಣ್ಣು ಕೊಡ್ತೀನಿ, ಇಲ್ದಿದ್ರೆ ಇಲ್ಲ!"

ಹೊಂಬಾಳಮ್ಮ ಓಡೋಡಿ ಬಂದಳು. ಏನು ಸಾಕೋದು? ಥಟ್ಟನೆ ಕೃಷಿ ಮೇಳದಲ್ಲಿ ಕಂಡದ್ದು ನೆನಪಾಯಿತು! ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿ ತುಂಬಿದ ಅಗಲವಾದ ತಟ್ಟೆ, ಜಲ್ಲಿಯಲ್ಲಿ ಸೊಪ್ಪು. ಮೀನಿನ ಗಲೀಜು ನೀರನ್ನು ಪಂಪು ಮೇಲಕ್ಕೆತ್ತುತ್ತೆ, ಸೊಪ್ಪು ಅದನ್ನೇ ಗೊಬ್ಬರ ಅಂತ ಉಣ್ಣುತ್ತೆ, ನೀರು ತಿಳಿಯಾಗಿ ಮತ್ತೆ ಮೀನಿಗೇ ಇಳಿಯುತ್ತೆ. ಮಣ್ಣಿಲ್ಲ, ಉಳುಮೆಯಿಲ್ಲ! ಅಕ್ವಾಪೋನಿಕ್ಸ್ ಅಂತ ಅದರ ಹೆಸರು. ಹೊಂಬಾಳಮ್ಮನ ನಾಲಿಗೆ ಅದಕ್ಕೆ ಹೊರಳಲಿಲ್ಲ, "ಮೀನ್‌ಸೊಪ್ಪು" ಅಂದಳು. ತಾಯಿ ಮಗ ಸೇರಿ ಹಿತ್ತಲಲ್ಲಿ ಬಿದಿರು ನೆಟ್ಟರು, ಮೇಲೆ ಪ್ಲಾಸ್ಟಿಕ್ ಹೊದಿಸಿದರು, ಒಳಗೆ ತೊಟ್ಟಿ, ತಟ್ಟೆ ಇಟ್ಟರು, ಹಸಿರುಮನೆ ಎದ್ದೇಬಿಟ್ಟಿತು! ಊರವರೆಲ್ಲ ಗೋಡೆ ಮೇಲೆ ಕತ್ತು ಚಾಚಿದರು.

"ಸಣ್ಣ, ಜಲ್ಲಿ ತಂದು ತಟ್ಟೆಗೆ ತುಂಬ್ಲಾ!"

ತಂದ, ತುಂಬಿದ. ಧೂಳು ಸಮೇತ ತುಂಬಿದ! ನೀರು ಬಿಟ್ಟರೆ ತೊಟ್ಟಿಯೆಲ್ಲ ಸುಣ್ಣದ ನೀರು.

"ಅಯ್ಯೋ ನಿನ್ ಮಕಕ್ಕೆ! ತೊಟ್ಟಿಗೆ ಏನೇ ಹಾಕೋಕ್ ಮುಂಚೆ ಮೂರು ನೀರಲ್ಲಿ ಉಜ್ಜಿ ತೊಳ್ದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಹಾಕ್ಬೇಕು ಕಣ್ಲಾ!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಾರನೇ ದಿನ ಮೀನುಮರಿ ತರಲು ಕಳಿಸಿದಳು. ಸಣ್ಣ ತಂದ. ಎಷ್ಟು ಹೊತ್ತಾದರೂ ತೊಟ್ಟಿಯಲ್ಲಿ ಒಂದು ಮೀನೂ ಇಲ್ಲ! ಹೊರಗೆ ಬಂದು ನೋಡಿದರೆ ಬಿಸಿಲಲ್ಲೊಂದು ಮೊರ, ಮೊರದ ಸುತ್ತ ಊರಿನ ಕಾಗೆಯೆಲ್ಲ!

"ಮೀನೆಲ್ಲಿ?"

"ಮೂರು ನೀರಲ್ಲಿ ತೊಳ್ದು ಒಣಗಾಕಿದ್ದೆ ಕಣವ್ವ. ಕಾಗೆ ತಗೊಂಡೋದೊ."

ಹೊಂಬಾಳಮ್ಮ ಹಣೆ ಹಣೆ ಚಚ್ಚಿಕೊಂಡಳು. "ಜಲ್ಲಿ ಬೇರೆ, ಮೀನು ಬೇರೆ ಕಣೋ! ಜೀವ ಇರೋದ್ನ ತಂದ ತಕ್ಷಣ ನೀರಿಗೆ ಬಿಡ್ಬೇಕು!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಮೀನು ಹೋದ ದುಃಖಕ್ಕೆ ಕೋಳಿ ಸಾರಾದರೂ ಮಾಡಿ ಉಣ್ಣೋಣ ಅಂತ ಹೊಂಬಾಳಮ್ಮ ಕೋಳಿ ತರಲು ಕಳಿಸಿದಳು. ಸಣ್ಣ ತಂದ, ಜೀವ ಇದೆಯಾ ಅಂತ ನೋಡಿದ, ಇದೆ. ಎತ್ತಿ ತೊಟ್ಟಿಗೆ ಬಿಟ್ಟ! ಕೋಳಿ ಕೊಕ್ಕೊಕ್ಕೋ ಅಂತ ಎಗರಿ, ನೀರೆಲ್ಲ ಚೆಲ್ಲಾಡಿ, ಪ್ಲಾಸ್ಟಿಕ್ ಹರಿದುಕೊಂಡು ಗೋಡೆಯಾಚೆ ಹಾರಿಹೋಯಿತು. ಕೋಳಿಯೂ ಇಲ್ಲ, ಸಾರೂ ಇಲ್ಲ.

"ಲೋ! ಹಿಂಗೆ ಸದ್ದು ಮಾಡ್ಕೊಂಡು ಎಗರಾಡೋದ್ನ ನೀರಿಗೆ ಬಿಡ್ತಾರೇನ್ಲಾ? ಕಾಲು ಕಟ್ಟಿ, ಬುಟ್ಟಿ ಕವುಚಿ, ಮುಂದೆ ಒಂದಿಷ್ಟು ರಾಗಿ ಚೆಲ್ಬೇಕು!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಹೊಂಬಾಳಮ್ಮ ಹರಿದ ಪ್ಲಾಸ್ಟಿಕ್ ಹೊಲಿದಳು, ನೀರು ತುಂಬಿದಳು, ಪಂಪು ತಂದು ಇಳಿಬಿಟ್ಟಳು. ಗುಂಡಿ ಒತ್ತಿದರೆ ಗುರ್ರ್ ಅಂತ ನೀರು ಮೇಲೇರಿತು! ಜಲ್ಲಿಯಲ್ಲಿ ಹಾದು ಜುಳುಜುಳು ಇಳಿಯಿತು! ತಾಯಿ ಕುಣಿದಳು, ಮಗನೂ ಕುಣಿದ. ಅವಳು ಸೊಪ್ಪಿನ ಬೀಜ ತರಲು ಹೋಗಿ ಬರುವಷ್ಟರಲ್ಲಿ ನೀರು ನಿಂತಿದೆ, ಪಂಪು ಮಾಯ! ಮೂಲೆಯಲ್ಲೊಂದು ಬುಟ್ಟಿ ಕವುಚಿದೆ. ಎತ್ತಿ ನೋಡಿದರೆ ಒಳಗೆ ಪಂಪು, ಪಂಪಿನ ಮುಂದೆ ರಾಗಿ!

"ಇದೇನ್ಲಾ?"

"ಗುರ್ ಅಂತ ಎಗರಾಡ್ತಿತ್ತು ಕಣವ್ವ. ಕಾಲು ಕಾಣ್ಲಿಲ್ಲ, ಬಾಲ ಕಟ್ಟಿವ್ನಿ. ರಾಗಿ ಮಾತ್ರ ಒಂದು ಕಾಳೂ ಮುಟ್ಟಿಲ್ಲ, ಪಾಪ."

"ಅದು ಪಂಪು ಕಣೋ! ಹಗಲೂ ಇಲ್ಲ ರಾತ್ರಿನೂ ಇಲ್ಲ, ಓಡ್ತಾನೇ ಇರ್ಬೇಕು! ಒಂದು ಗಳಿಗೆ ನಿಂತ್ರೆ ಮೀನು ಸತ್ತೋಯ್ತವೆ! ಮೀನಿನ ಕೆಲ್ಸ ಅಂದ್ರೆ ನಿಲ್ಲಂಗಿಲ್ಲ!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಸೊಪ್ಪಿನ ಬೀಜ ಚೆಲ್ಲಿದ್ದಾಯಿತು. ಮತ್ತೆ ಮೀನುಮರಿ ತರಲು ಸಣ್ಣ ಸೈಕಲ್ ಹತ್ತಿದ. ಮೀನಿನ ಕೆಲಸ ಅಲ್ಲವೇ, ನಿಲ್ಲುವ ಹಾಗಿಲ್ಲ! ಮರಿ ಮಾರುವವನು ಪಾಪ, ಪಕ್ಕದಲ್ಲೇ ಓಡಿ ಓಡಿ ನೀರು ತುಂಬಿದ ಕವರನ್ನು ಹ್ಯಾಂಡಲಿಗೆ ಸಿಕ್ಕಿಸಿದ. ಮನೆಗೆ ಬಂದರೂ ಸಣ್ಣ ಇಳಿಯಲಿಲ್ಲ. ಹಸಿರುಮನೆಯ ಸುತ್ತ ಗರಗರ ಸುತ್ತುತ್ತಲೇ ಇದ್ದ.

"ಅವ್ವಾ, ಹಿಡ್ಕೊ! ಮೀನು ಹಿಡ್ಕೊ! ನಿಲ್ಲಂಗಿಲ್ಲ!"

"ನಿಲ್ಲದೇ ಇರೋದು ಪಂಪು ಕಣೋ, ಸೈಕಲ್ ಅಲ್ಲ! ಇಳೀಲಾ ಕೆಳಿಕ್ಕೆ!"

ಇಳಿದ. ಇಳಿದವನೇ ಕವರು ಬಿಚ್ಚಿ ಸುರಿಯಲು ಹೋದ. ಹೊಂಬಾಳಮ್ಮ ಓಡಿ ಕೈ ಹಿಡಿದುಕೊಂಡಳು. ಅವತ್ತು ಅವಳಿಗೆ ಬೈಯುವ ಶಕ್ತಿಯೂ ಇರಲಿಲ್ಲ. ಮಗನ ಪಕ್ಕ ಕೂತು ಮೆತ್ತಗೆ ಹೇಳಿದಳು.

"ಹೊಸದಾಗಿ ಬಂದ ಜೀವಾನ ಸೀದಾ ಒಳಿಕ್ ಬಿಡ್ಬಾರ್ದು ಮಗ. ಹೆದ್ರಿರ್ತದೆ. ಬಂದಿದ್ದರಲ್ಲೇ ಇರ್ಲಿ, ಅದ್ರ ಸಮೇತ ಒಳಿಕ್ಕಿಡು. ನಮ್ಮ ನೀರ್ನ ಒಸಿ ಒಸಿ ಕೊಡು. ಒಗ್ಗಿದ ಮೇಲೆ ಅದ್ರ ಬಾಯಿ ಬಿಚ್ಚು. ಮೊದಲ್ನೇ ದಿನ ಚಿಟಿಕೆಯಷ್ಟೇ ತಿಂಡಿ, ಜಾಸ್ತಿ ಹಾಕ್ಬೇಡ."

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಾಡಿಯೂ ಮಾಡಿದ! ಮರಿಗಳು ಹೊಸ ನೀರಿಗೆ ಒಗ್ಗಿದವು, ಈಜಿದವು, ದಪ್ಪಗಾದವು. ಜಲ್ಲಿ ತುಂಬ ದಂಟು, ಪಾಲಕ್, ಕೊತ್ತಂಬರಿ! ಸಣ್ಣ ತೊಟ್ಟಿ ಬಿಟ್ಟು ಕದಲಲಿಲ್ಲ. ಯುಗಾದಿಗೆ ಬೆಟ್ಟೇಗೌಡರು ಬಂದರು, ತೊಟ್ಟಿಗೆ ಬಗ್ಗಿದರು, ಮೀನು ಪಟಪಟ ಎದ್ದು ಅವರ ಮೀಸೆಗೇ ನೀರು ಹಾರಿಸಿತು. "ಜೀವ ಉಳ್ಸವ್ನೆ! ಆಯ್ತು, ಹೆಣ್ಣು ಕೊಟ್ಟೆ!" ಅಂದರು. ಹೊಂಬಾಳಮ್ಮನ ಕಣ್ಣಲ್ಲಿ ಧಾರಾಕಾರ ನೀರು.

ಮದುವೆ ಆಯಿತು. ಮದುಮಗಳನ್ನು ಮನೆ ತುಂಬಿಸಿಕೊಳ್ಳಬೇಕು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು, ಆರತಿ ಹಿಡಿದ ಹೆಂಗಸರು. ಸಣ್ಣ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದ. ಅಪ್ಪನ ಜೊತೆ ಪ್ರಮೀಳ ಆಟೋದಲ್ಲಿ ಬಂದಳು. ಬೆಟ್ಟೇಗೌಡರು ಇಳಿದರು. ಅವಳು ಇನ್ನೇನು ಕಾಲು ಕೆಳಗಿಡಬೇಕು, ಸಣ್ಣ ಕೂಗಿಕೊಂಡ.

"ಇಳೀಬ್ಯಾಡ! ಹೊಸದಾಗಿ ಬಂದ ಜೀವಾನ ಸೀದಾ ಬಿಡಂಗಿಲ್ಲ! ಬಂದಿದ್ದರ ಸಮೇತ ಒಳಿಕ್ಕಿಡ್ಬೇಕು!"

ಹಿಂದಿನಿಂದ ಹೆಗಲು ಕೊಟ್ಟು ಆಟೋ ನೂಕಿದ! ಡ್ರೈವರು ಬಾಯಿ ಬಡಿದುಕೊಂಡ, ಹೆಂಗಸರು ಆರತಿ ಎತ್ತಿಕೊಂಡು ಓಡಿದರು. ಆಟೋ ಚಕ್ರದಿಂದ ಸೇರನ್ನು ಒದ್ದು, ಅಕ್ಕಿ ಚೆಲ್ಲಿ, ಮೂತಿಯನ್ನು ಪಡಸಾಲೆಗೆ ತೂರಿಸಿ ಬಾಗಿಲಲ್ಲಿ ಸಿಕ್ಕಿಕೊಂಡಿತು. ಮನೆ ತುಂಬಿದ್ದು ಮದುಮಗಳಲ್ಲ, ಆಟೋ!

ಬೆಟ್ಟೇಗೌಡರು ಕೆಂಡವಾದರು. "ಇಳಿಯವ್ವ ಕೆಳಿಕ್ಕೆ! ಇಂಥೋನ ಮನೇಲಿ ಬಾಳೋದು ಬ್ಯಾಡ, ನಡಿ ನಮ್ಮೂರಿಗೆ!"

ಹೊಂಬಾಳಮ್ಮ ತಲೆ ಮೇಲೆ ಕೈ ಹೊತ್ತಳು. ಇಷ್ಟು ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯಿತಲ್ಲ!

ಅಷ್ಟರಲ್ಲಿ ಸಣ್ಣ ಒಂದು ಲೋಟ ನೀರು ಹಿಡಿದು ಆಟೋ ಪಕ್ಕ ಕೂತ. "ನಮ್ಮನೆ ನೀರು. ಒಸಿ ಒಸಿ ಕುಡಿ. ಹೆದರ್ಕೋಬ್ಯಾಡ." ಬೆಳಗಿನಿಂದ ಮದುಮಗಳಿಗೆ ಸೀರೆ ಉಡಿಸಿದವರುಂಟು, ಹೂ ಮುಡಿಸಿದವರುಂಟು, ನೀರು ಬೇಕಾ ಅಂತ ಕೇಳಿದವರಿಲ್ಲ. ಪ್ರಮೀಳ ಒಂದು ಗುಟುಕು ಕುಡಿದಳು.

"ಒಗ್ತಾ?" ಅಂದ ಸಣ್ಣ.

ಅವಳು ಅಪ್ಪನನ್ನು ನೋಡಿದಳು, ಲೋಟ ನೋಡಿದಳು, ಗಂಡನ ಮುಖ ನೋಡಿದಳು. "ಅಪ್ಪ, ನೀವ್ ಒಸಿ ಸುಮ್ಕಿರಿ," ಅಂದಳು. "ಇನ್ನೊಂದು ಗುಟುಕು ಕೊಡಿ."

ಹೊಂಬಾಳಮ್ಮ ಸೆರಗು ಬಾಯಿಗೊತ್ತಿಕೊಂಡಳು. ತಾನು ಈ ಮನೆಗೆ ಬಂದ ದಿನ ಸೀದಾ ಒಲೆ ಮುಂದೆ ಕೂರಿಸಿದ್ದರು, ಯಾರೂ ಒಗ್ತಾ ಅಂತ ಕೇಳಿರಲಿಲ್ಲ.

ಲೋಟ ಮುಗಿಯಿತು, ಪ್ರಮೀಳ ಒಗ್ಗಿದಳು, ಆಟೋ ಹಿಂದಕ್ಕೆಳೆದು ಬಾಗಿಲು ಬಿಡಿಸಿದ್ದಾಯಿತು, ಅವಳು ಒಳಗೆ ಬಂದಳು. ಎಲೆ ಹಾಕಿದರು. ತೊಟ್ಟಿಯ ಸೊಪ್ಪಿನದೇ ಬಸ್ಸಾರು, ಬಿಸಿ ಮುದ್ದೆ. ಸಣ್ಣನೇ ಬಡಿಸಿದ. ಹೆಂಡತಿಯ ಎಲೆಗೆ ಬಂದು, ಬೆರಳ ತುದಿಯಲ್ಲಿ ಚಿಟಿಕೆ ಮುದ್ದೆ ಇಟ್ಟು ಮುಂದಕ್ಕೆ ಹೋದ!

ಪ್ರಮೀಳ ಎಲೆ ನೋಡಿದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಅವಳ ಬಾಯಿ ಬಿಚ್ಚಿತು ನೋಡಿ!

"ಏನಿದು? ನಾನೇನು ಮೀನಾ? ಬುದ್ಧಿ ಅದ್ಯಾ ನಿಮ್ಗೆ? ಎಲೆ ಮುಂದೆ ಕೂತೋರ್ಗೆ ಹೊಟ್ಟೆ ತುಂಬ ಬಡಿಸ್ಬೇಕು! ಸಾಕು ಅಂದ್ರೂ ಬಿಡ್ದೆ ಬಡಿಸ್ಬೇಕು!"

ಹೊಂಬಾಳಮ್ಮ ಸಾರಿನ ಸೌಟು ಹಿಡಿದು ಹಾಗೇ ನಿಂತಳು. ಆಹಾ, ಎಂಥ ಬೈಗುಳ! ಇಷ್ಟು ವರ್ಷಕ್ಕೆ ಮೊದಲ ಸಲ ಅವಳ ಮಗನನ್ನು ಬೇರೊಬ್ಬಳು ಬೈಯುತ್ತಿದ್ದಾಳೆ, ಹಕ್ಕಿನಿಂದ ಬೈಯುತ್ತಿದ್ದಾಳೆ! ಅವಳು ನೆಮ್ಮದಿಯಾಗಿ ಗೋಡೆಗೊರಗಿ ಕೂತಳು.

"ಆಗ್ಲಿ ಕಣಮ್ಮಿ," ಅಂದ ಸಣ್ಣ, "ಇನ್ಮೇಲೆ ಹಂಗೇ ಮಾಡ್ತೀನಿ!"

ಅವಳ ಎಲೆ ತುಂಬಿಸಿ, ಪಕ್ಕದ ಎಲೆಗೆ ಹೋದ. ಅಲ್ಲಿ ಬೆಟ್ಟೇಗೌಡರು. ಒಂದು ಮುದ್ದೆ ಹಾಕಿದ, ಇನ್ನೊಂದು ಹಾಕಿದ.

"ಸಾಕಪ್ಪ!"

ಮತ್ತೊಂದು ಹಾಕಿದ.

"ಸಾಕು ಅಂದ್ನಲ್ಲಪ್ಪ!"

ಮತ್ತೂ ಒಂದು. ಕೈ ಅಡ್ಡ ಇಟ್ಟರೆ ಕೈ ಮೇಲೆ, ಎಲೆ ಮೇಲೆ ಬಗ್ಗಿದರೆ ಬೆನ್ನ ಮೇಲೆ! "ಹೊಂಬಾಳಮ್ಮಾ, ನಿನ್ ಮಗನ್ಗೆ ಹೇಳಮ್ಮಾ!" ಅಂತ ಬೆಟ್ಟೇಗೌಡರು ಕೂಗಿದರು.

ಹೊಂಬಾಳಮ್ಮ ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡಳು. "ಸೊಸೆ ಹೇಳ್ತಾಳೆ ಬುಡಿ," ಅಂದಳು. ಸೊಸೆ ನೋಡಿದರೆ ನಕ್ಕು ನಕ್ಕು ಮಾತೇ ಹೊರಡುತ್ತಿಲ್ಲ.

ನಾನೂ ಅವತ್ತು ಉಣ್ಣೋಣ ಅಂತ ಹೋಗಿದ್ದೆ. ಪಡಸಾಲೆಯಲ್ಲಿ ಮುದ್ದೆಯ ರಾಶಿ ಇತ್ತು, ರಾಶಿಯ ತುದಿಯಲ್ಲಿ ಒಂದು ಉದ್ದ ಮೀಸೆ ಮಾತ್ರ ಕಾಣುತ್ತಿತ್ತು.