ಗೆಂಡೆ ಮೀನಿನ ಬಲಗಣ್ಣು

ಆಶ್ರಮದ ಕೆಳಗಿನ ಮಡುವಿನಲ್ಲಿ ಗೆಂಡೆ ಮೀನುಗಳಿದ್ದವು. ಅವನ್ನು ಯಾರೂ ಹಿಡಿಯುವಂತಿರಲಿಲ್ಲ.

ಅವಕ್ಕೆ ದಿನಾ ಮಂಡಕ್ಕಿ ಹಾಕುವ ಕೆಲಸ ಹಿರಿಯ ಶಿಷ್ಯ ಮಲ್ಲಿನಾಥನದು. ಮೀನೆಂದರೆ ಅವನಿಗೆ ಪ್ರಾಣ. ಮನುಷ್ಯರ ಮೇಲೆ ಅಷ್ಟೇನೂ ಅಕ್ಕರೆ ಇರಲಿಲ್ಲ ಅನ್ನಿ.

ಒಂದು ದಿನ ಅವನು ಗುರುಗಳ ಮುಂದೆ ಬಂದು ನಿಂತ.

"ಗುರುಗಳೇ, ಮೀನು ಕಡಿಮೆಯಾಗ್ತಿವೆ. ಮೊದಲೆಲ್ಲ ಮಡುವಿನ ಮೆಟ್ಟಿಲ ತುಂಬ ಬಂದು ಮುತ್ತುತ್ತಿದ್ದವು. ಈಗ ಬೆರಳೆಣಿಕೆಯಷ್ಟು ಬಂದರೆ ಹೆಚ್ಚು. ಆ ತಿಪ್ಪೇಶನನ್ನ ಊರಿಗೆ ಕಳಿಸಿಬಿಡಿ."

ತಿಪ್ಪೇಶ ಹೊಸ ಶಿಷ್ಯ. ಹೊಳೆಯಲ್ಲಿ ಬಲೆ ಬೀಸುವವರ ಮನೆಯಿಂದ ಬಂದವನು. ಮಲ್ಲಿನಾಥನಿಗೆ ಅಷ್ಟು ಸಾಕಾಗಿತ್ತು.

"ಅವನು ಹಿಡಿದದ್ದು ಕಂಡ್ಯಾ?" ಗುರುಗಳು ಕೇಳಿದರು.

"ಕಂಡಿಲ್ಲ. ಆದರೆ ಊಟಕ್ಕೆ ಕೂತಾಗ ನೋಡಿ. ನನ್ನ ಪಕ್ಕ ಜಾಗ ಇದ್ದರೂ ಕೂರಲ್ಲ, ಪಂಕ್ತಿಯ ಕೊನೆಗೇ ಹೋಗ್ತಾನೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ."

"ಕಾಣದೆ ಹೇಗಪ್ಪ ಕಳಿಸೋದು?"

"ಕಾಣಬೇಕು ಅಂತಲೇ ತಟ್ಟಿ ಕಟ್ಟಿಕೊಂಡು ಕಾಯ್ತಿದೀನಿ."

ನಿಜ. ಮೆಟ್ಟಿಲುಗಳ ಎದುರಿಗೆ, ಮೊಣಕಾಲುದ್ದ ನೀರಿನಲ್ಲಿ ಗೂಟ ನೆಟ್ಟು ಅವನೊಂದು ಬಿದಿರಿನ ತಟ್ಟಿ ಕಟ್ಟಿದ್ದ. ನೀರಿಗೆ ಮಂಡಕ್ಕಿ ಎರಚುವುದು, ತಟ್ಟಿಯ ಹಿಂದೆ ಕೂರುವುದು, ಸಂದಿಗೆ ಕಣ್ಣಿಟ್ಟು ಮಡುವಿನ ಆಚೆ ಮೂಲೆಯಲ್ಲಿ ಪಾತ್ರೆ ಬೆಳಗುವ ತಿಪ್ಪೇಶನನ್ನು ನೋಡುವುದು. ಜಪದ ಹೊತ್ತೂ ಇದಕ್ಕೇ ಹೋಗುತ್ತಿತ್ತು.

"ಆಗಲಿ. ನಾಳೆ ಬೆಳಿಗ್ಗೆ ನಾನೂ ಬರ್ತೀನಿ," ಅಂದರು ಗುರುಗಳು. "ಮೀನು ಕಳೆದದ್ದು ತಿಪ್ಪೇಶನಿಂದಲೇ ಆದರೆ ಅವನು ನಾಳೆಯೇ ಹೊರಡ್ತಾನೆ."

ಮಾರನೆಯ ಬೆಳಿಗ್ಗೆ ಗುರುಗಳು ಮಲ್ಲಿನಾಥನ ಶಲ್ಯ ಇಸಿದುಕೊಂಡು ಅವನೇ ಕೂತಂತೆ ಕಾಣಲಿ ಎಂದು ತಟ್ಟಿಯ ಹಿಂದಿನ ಗೂಟಕ್ಕೆ ಇಳಿಬಿಟ್ಟರು. ಒಂದು ಹಿಡಿ ಮಂಡಕ್ಕಿ ಎರಚಿದರು. ಆಮೇಲೆ ಅವನನ್ನು ಕರೆದುಕೊಂಡು ಮಡುವಿನ ಪಕ್ಕದ ಬಂಡೆ ಹತ್ತಿ, "ನೀರನ್ನೇ ನೋಡ್ತಿರು," ಅಂದರು.

ಕಳ್ಳನನ್ನು ಬಿಟ್ಟು ನೀರು ನೋಡುವುದೇನು? ಗುರುಗಳಿಗೆ ಹೊಸಬನ ಮೇಲೆ ಮಮತೆ ಹೆಚ್ಚು. ಹೇಗಾದರೂ ಮಾಡಿ ಅವನನ್ನು ಉಳಿಸಿಕೊಳ್ಳುವ ಉಪಾಯ ಇದು. ಹಾಗೆಂದುಕೊಂಡೇ ಮಲ್ಲಿನಾಥ ಬಂಡೆಯ ಮೇಲೆ ಕೂತ.

ಆಳದಿಂದ ಒಂದು ಗೆಂಡೆ ಮೆಟ್ಟಿಲ ಕಡೆಗೆ ಬಂತು. ತಟ್ಟಿಯ ಮುಂದೆ ಗಕ್ಕನೆ ನಿಂತಿತು. ತನ್ನ ಎಡಕ್ಕೆ ತಿರುಗಿ, ತಟ್ಟಿಯ ಪಕ್ಕದಲ್ಲೇ ಸಾಗಿತು. ಮಡುವಿಗೂ ಹೊಳೆಗೂ ನಡುವಿನ ಕಲ್ಲಿನ ಒಡ್ಡು ಅಲ್ಲಿ ಸ್ವಲ್ಪ ಒಡೆದಿತ್ತು. ಆ ಕಂಡಿಯ ಸೆಳವಿಗೆ ಸಿಕ್ಕಿ ಮೀನು ಹೊಳೆಗೆ ಜಾರಿಹೋಯಿತು.

ಎರಡನೆಯದೂ ಹಾಗೇ. ಅದರ ಹಿಂದಿನದೂ ಹಾಗೇ.

"ಬಲಕ್ಕೆ ತಿರುಗಿದ್ದರೆ ಮಡುವಿನಲ್ಲೇ ಉಳೀತಿದ್ದವು," ಮಲ್ಲಿನಾಥ ಗೊಣಗಿದ. "ಎಲ್ಲವೂ ಎಡಕ್ಕೇ ಯಾಕೆ ಹೋಗ್ತಿವೆ?"

"ಎಡಕ್ಕೆ ತಿರುಗಿದರೆ ತಟ್ಟಿ ಅವುಗಳ ಯಾವ ಕಣ್ಣಿಗೆ ಬೀಳುತ್ತೆ?"

"ಬಲಗಣ್ಣಿಗೆ."

"ಈ ಮೀನಿಗೆ ಎರಡು ಕಣ್ಣಿಗೂ ಬೇರೆ ಬೇರೆ ಕೆಲಸ ಕಣಯ್ಯ. ಜೊತೆಗಾರನನ್ನ ಎಡಗಣ್ಣಲ್ಲಿ ನೋಡುತ್ತೆ. ಅನುಮಾನ ಬಂದದ್ದನ್ನ ಬಲಗಣ್ಣಲ್ಲೇ ಇಟ್ಟುಕೊಂಡು ದಾಟುತ್ತೆ."

ಮಲ್ಲಿನಾಥ ಅಷ್ಟಕ್ಕೇ ಒಪ್ಪುವ ಆಸಾಮಿಯಲ್ಲ. ಗುರುಗಳು ನೀರಿನಲ್ಲಿ ಮೊದಲೇ ಏನಾದರೂ ಮಾಡಿಟ್ಟಿದ್ದರೆ? ತಾನೇ ಇಳಿದುಹೋಗಿ ನೀರಿನ ತಳವನ್ನೆಲ್ಲ ಕೈಯಾಡಿಸಿ ನೋಡಿದ. ಮತ್ತೆ ಮಂಡಕ್ಕಿ ಎರಚಿ ಬಂಡೆಗೆ ಬಂದ.

ಮತ್ತೆ ಒಂದು ಗೆಂಡೆ ಬಂತು, ನಿಂತಿತು, ಎಡಕ್ಕೆ ತಿರುಗಿತು, ಹೋಯಿತು.

"ಆದರೂ ಗುರುಗಳೇ, ತಿಪ್ಪೇಶ ಬಂದಮೇಲೆ ತಾನೇ ಕಡಿಮೆಯಾದದ್ದು?"

"ಹೌದು. ನೀನು ತಟ್ಟಿ ಕಟ್ಟಿದ್ದು ಯಾವತ್ತು?"

ಮಲ್ಲಿನಾಥ ತಲೆ ಕೆರೆದುಕೊಂಡ.

"ಅವನು ಬಂದ ಮಾರನೇ ದಿನ."

"ಆ ಹೊತ್ತಿಗೆ ಎಷ್ಟು ಮೀನು ಕಳೆದಿದ್ದವು?"

ಒಂದೂ ಕಳೆದಿರಲಿಲ್ಲ. ಕಣ್ಣಿನಲ್ಲಿ ಕಣ್ಣಿಟ್ಟು ಕಾದಿದ್ದವನೇ ತನ್ನ ಮೀನನ್ನೆಲ್ಲ ಹೊಳೆಪಾಲು ಮಾಡಿದ್ದ.

ದಡಬಡನೆ ಇಳಿದುಹೋಗಿ ಗೂಟ ಕೀಳತೊಡಗಿದ. ಸಿಟ್ಟು ಯಾರ ಮೇಲೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಒಂದು ಗೂಟ ಬಂತು, ಇನ್ನೊಂದು ಅಲ್ಲಾಡಲಿಲ್ಲ.

ಆಚೆ ಮೂಲೆಯಲ್ಲಿ ಪಾತ್ರೆ ಬೆಳಗುತ್ತಿದ್ದ ತಿಪ್ಪೇಶ ಎದ್ದು ಬಂದ. ಯಾಕೆ ಏನು ಎಂದು ಕೇಳಲಿಲ್ಲ. "ಬಿಡಿ ಅಣ್ಣಾ, ನಾನು ಕೀಳ್ತೀನಿ," ಅಂದು ಗೂಟ ಕಿತ್ತ. ತಟ್ಟಿಯ ಒಂದು ತುದಿ ಮಲ್ಲಿನಾಥ ಹಿಡಿದ, ಇನ್ನೊಂದು ತುದಿ ತಿಪ್ಪೇಶ. ಇಬ್ಬರೂ ಅದನ್ನು ದಡಕ್ಕೆ ಹಾಕಿದರು. ತಿಪ್ಪೇಶ ಒಡ್ಡಿನ ಕಂಡಿಗೂ ನಾಲ್ಕು ಕಲ್ಲು ಜೋಡಿಸಿ, ಮತ್ತೆ ಪಾತ್ರೆಗಳ ಹತ್ತಿರ ಹೋಗಿ ನೀರಿನಲ್ಲಿ ನಿಂತ.

ಉಳಿದಿದ್ದ ಮೀನುಗಳು ಮೆಲ್ಲಗೆ ಅವನ ಕಾಲ ಬಳಿ ಸೇರಿದವು. ಪಾತ್ರೆಯ ಅನ್ನದಗುಳು ಹೆಕ್ಕುತ್ತ ಅವನನ್ನು ಸುತ್ತಿದವು. ಪ್ರತಿಯೊಂದರ ಎಡಗಣ್ಣೂ ಅವನ ಕಡೆಗಿತ್ತು.

ಮಲ್ಲಿನಾಥ ಮತ್ತೆ ನೀರಿಗಿಳಿದು ಕೈಯಲ್ಲಿ ಮಂಡಕ್ಕಿ ಚಾಚಿದ. ಒಂದು ಮುದಿ ಗೆಂಡೆ ಬಂತು. ಅವನು ಮರಿಯಿಂದ ಸಾಕಿದ್ದು. ಅದು ಬಲಗಣ್ಣಿನಲ್ಲಿ ಅವನನ್ನೇ ನೋಡುತ್ತ ಅಷ್ಟು ದೂರದಿಂದ ಸುತ್ತು ಹಾಕಿ ಹೊರಟುಹೋಯಿತು.

ಅವನ ಕಣ್ಣು ತುಂಬಿ ಬಂತು.

"ಗುರುಗಳೇ, ಇಷ್ಟು ವರ್ಷ ತಿನ್ನಿಸಿದ್ದು ನಾನು. ಇವು ನನ್ನನ್ನ ಮತ್ತೆ ಎಡಗಣ್ಣಲ್ಲಿ ನೋಡೋದು ಯಾವಾಗ?"

ಗುರುಗಳು ಬಂಡೆಯಿಂದಿಳಿದು ಬಂದು, ಗೂಟದ ಜೊತೆ ನೀರಿಗೆ ಬಿದ್ದು ಒದ್ದೆಯಾಗಿದ್ದ ಶಲ್ಯವನ್ನು ಹಿಂಡಿ ಅವನ ಹೆಗಲಿಗೆ ಹಾಕಿದರು.

"ಮೀನಿನ ಮಾತು ಆಮೇಲೆ. ಇವತ್ತು ಊಟಕ್ಕೆ ಪಂಕ್ತಿಯ ಕೊನೆಗೆ ಹೋಗಿ ತಿಪ್ಪೇಶನ ಪಕ್ಕ ಕೂತುಕೋ. ಅವನು ಅಲ್ಲಿಂದ ಏಳ್ತಾನೋ ಇಲ್ಲವೋ, ನೋಡಿಕೊಂಡು ಬಾ."